ಎಡಗೈ ಎದಿಲ್ಮಾಳ ಕೆ ಮತ್ತು ಎಲ್

ಮನಿಸಾಲೆಸ್ ಊರಿನಲ್ಲಿ ಸಮತಟ್ಟಾದ ಜಾಗ ನೋಡಬೇಕೆಂದರೆ ಫುಟ್‌ಬಾಲ್ ಮೈದಾನಕ್ಕೆ ಹೋಗಬೇಕು, ಇಲ್ಲವೇ ಸ್ಮಶಾನಕ್ಕೆ ಹೋಗಬೇಕು ಎಂದು ಅಲ್ಲಿನವರೇ ಹೇಳಿಕೊಂಡು ನಗುತ್ತಾರೆ. ಉಳಿದದ್ದೆಲ್ಲ ಇಳಿಜಾರು. ಮನೆಯ ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಮೂರು ಮಹಡಿ ಕೆಳಗಿನ ಇನ್ನೊಂದು ಬೀದಿಗೆ. ಇಂಥ ಊರು ನಿಂತಿರುವುದೇ ತಡೆಗೋಡೆಗಳ ಮೇಲೆ. ಆ ಗೋಡೆಗಳು ಯಾವುದರ ಮೇಲೆ ನಿಂತಿವೆ ಎಂದು ಎದಿಲ್ಮಾ ಬೆದೋಯಾಳನ್ನು ಕೇಳಿದರೆ, ಅವಳು ಕಾಫಿ ಲೋಟ ಕೆಳಗಿಟ್ಟು, "ನನ್ನ ನಕ್ಷೆ ಮೇಲೆ" ಅನ್ನುತ್ತಾಳೆ. ನಗುವುದಿಲ್ಲ. ಅದು ತಮಾಷೆಯಲ್ಲ ಎಂಬುದು ಕೇಳಿದವರಿಗೆ ಆಮೇಲೆ ಹೊಳೆಯುತ್ತದೆ.

ಎದಿಲ್ಮಾ ಎಡಗೈಯವಳು. ಇದು ಅವಳಿಗೆ ಗೊತ್ತಾದದ್ದು ಆರನೇ ವಯಸ್ಸಿನಲ್ಲಿ, ಸನ್ಯಾಸಿನಿಯರ ಶಾಲೆಗೆ ಸೇರಿದ ಮೊದಲ ದಿನ. ಅಲ್ಲಿಯವರೆಗೆ ಅದು ಬರೀ ಕೈಯಾಗಿತ್ತು. ಪಾಠ ಹೇಳುವ ಸಿಸ್ಟರ್, "ಆ ಕೈ ಮೇಲೆ ಕೂತ್ಕೋ" ಎಂದರು. ಹುಡುಗಿ ಎಡಗೈಯನ್ನು ತೊಡೆಯ ಅಡಿ ಇಟ್ಟುಕೊಂಡು ಬಲಗೈಯಲ್ಲಿ ಸೊಟ್ಟ ಸೊಟ್ಟ ಅಕ್ಷರ ತಿದ್ದಿದಳು. ಒಂದು ವಾರ ಕಳೆದ ಮೇಲೆ ಅಪ್ಪ ಮಿಸಾಯೆಲ್ ಶಾಲೆಗೆ ಬಂದ. ಬಿದಿರಿನ ಮನೆ ಕಟ್ಟುವ ಬಡಗಿ ಅವನು, ಮಾತು ಕಡಿಮೆ. ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತು ಹೇಳಿದ: "ಸಿಸ್ಟರ್, ನಮ್ಮನೆ ಕೋಳಿಗೂಡಿಗೆ ಮೊಳೆ ಹೊಡ್ದಿದ್ದು ಇವಳ ಎಡಗೈ. ಹೋದ ತಿಂಗಳು ಭೂಮಿ ನಡುಗ್ತಲ್ಲ, ಪಕ್ಕದ ಮನೆಯವ್ರ ಹೆಂಚೆಲ್ಲ ಬಿತ್ತು. ನಮ್ಮ ಕೋಳಿಗೂಡು ಹಂಗೇ ಇದೆ." ಅಷ್ಟು ಹೇಳಿ ಟೋಪಿ ಹಾಕಿಕೊಂಡು ಹೊರಟುಹೋದ. ಸಿಸ್ಟರ್ ಮರುದಿನದಿಂದ ಆ ಕೈಯ ಸುದ್ದಿಗೆ ಬರಲಿಲ್ಲ.

ಹತ್ತೊಂಬತ್ತು ತುಂಬಿದಾಗ ಎದಿಲ್ಮಾ ದೋನ್ ಲಿಸಿಮಾಕೊ ಹೋಯೋಸ್ ಎಂಬ ಇಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಳು. ಊರವರು ಆ ಕಚೇರಿಗೆ 'ಗೋಡೆ ಕಚೇರಿ' ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಇಳಿಜಾರು ಎಲ್ಲೆಲ್ಲಿ ಜಾರುತ್ತದೋ ಅಲ್ಲಿಗೆಲ್ಲ ತಡೆಗೋಡೆ, ನೀರು ಹೊರಗೆ ಹೋಗಲು ಕೊಳವೆ, ಮೆಟ್ಟಿಲುಗಾಲುವೆ, ಇಷ್ಟೇ ಅಲ್ಲಿಯ ಕೆಲಸ. ಆಗ ಇನ್ನೂ ಶಾಯಿ ಪೆನ್ನಿನ ಕಾಲ. ಎಲ್ಲರೂ ಹಾಳೆಯ ಎಡ ಅಂಚಿನಿಂದ ಶುರುಮಾಡಿದರೆ ಎದಿಲ್ಮಾ ಬಲ ಅಂಚಿನಿಂದ ಶುರುಮಾಡಿದಳು. ದೋನ್ ಲಿಸಿಮಾಕೊ ಹಿಂದೆ ಬಂದು ನಿಂತು ನೋಡಿದರು.

"ಏನಮ್ಮಾ, ಹೀಬ್ರೂ ಬರೀತಿದೀಯಾ?"

"ಶಾಯಿ ಒಣಗ್ಲಿ ಅಂತ, ದೋನ್ ಲಿಸಿಮಾಕೊ. ಆ ಕಡೆಯಿಂದ ಬಂದ್ರೆ ನನ್ನ ಕೈನೇ ಗೋಡೆ ಒರಸ್ಕೊಂಡು ಹೋಗಿಬಿಡತ್ತೆ."

ಅವರು ಹೂಂ ಎಂದು ಒಳಗೆ ಹೋದರು. ಮರುದಿನ ಬೆಳಿಗ್ಗೆ ಎದಿಲ್ಮಾ ಬಂದು ನೋಡಿದರೆ ಅವಳ ಮೇಜಿನ ದೀಪ ಎಡದಿಂದ ಬಲಕ್ಕೆ ಬಂದಿತ್ತು. ನಕ್ಷೆ ಬರೆಯುವ ಹಲಗೆಯ ಮೇಲೆ ಅಳತೆಪಟ್ಟಿ ಹಿಡಿದಿಡುವ ಕಬ್ಬಿಣದ ತೋಳನ್ನೂ ಬಿಚ್ಚಿಸಿ ಇನ್ನೊಂದು ಪಕ್ಕಕ್ಕೆ ಹಾಕಿಸಿದ್ದರು. ಆ ದಿನ ಅವಳು ಬರೆದ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲವಂತೆ. ಐದು ವರ್ಷ ತುಂಬುವ ಹೊತ್ತಿಗೆ ಕಷ್ಟದ ಹಾಳೆಗಳೆಲ್ಲ ತಾವಾಗಿಯೇ ಅವಳ ಮೇಜಿಗೆ ಬರತೊಡಗಿದವು.

ಕಂಪ್ಯೂಟರ್ ಬಂದದ್ದು ಅದಾದ ನಾಲ್ಕೈದು ವರ್ಷಕ್ಕೆ. ಹಲಗೆಗಳನ್ನು ಗೋಡೆಗೆ ಒರಗಿಸಿ, ಅವುಗಳ ಜಾಗದಲ್ಲಿ ದಪ್ಪ ಹೊಟ್ಟೆಯ ಪರದೆಗಳನ್ನು ಇಟ್ಟರು. ಹಳೆಯ ನಕ್ಷೆಗಾರರಲ್ಲಿ ಇಬ್ಬರು, "ಈ ಇಲಿ ಹಿಡಿದು ಆಡೋ ವಯಸ್ಸಲ್ಲ ನಮ್ದು" ಎಂದು ಮನೆಗೆ ಹೋದರು. ಎದಿಲ್ಮಾ ಉಳಿದಳು. ಮೌಸನ್ನು ಎಡಕ್ಕೆ ಇಟ್ಟುಕೊಂಡಳು. ತೊಂದರೆ ಶುರುವಾದದ್ದು ಅಲ್ಲಿಂದ.

ನಕ್ಷೆ ಬರೆಯುವ ಪ್ರೋಗ್ರಾಮಿನಲ್ಲಿ ಅರ್ಧ ಕೆಲಸ ಎಂದರೆ ಒಂದು ಕಡೆಯಿಂದ ಎತ್ತುವುದು, ಇನ್ನೊಂದು ಕಡೆ ಇಡುವುದು. ನಕಲು ತೆಗೆಯಲು ಕಂಟ್ರೋಲ್ ಜೊತೆ ಸಿ, ಅಂಟಿಸಲು ಕಂಟ್ರೋಲ್ ಜೊತೆ ವಿ. ಎರಡೂ ಕೀಬೋರ್ಡಿನ ಎಡತುದಿಯಲ್ಲಿ. ಬಲಗೈಯಲ್ಲಿ ಮೌಸ್ ಹಿಡಿದವರಿಗೆ ಎಡಗೈ ಅಲ್ಲೇ ಸಿದ್ಧವಾಗಿ ಕೂತಿರುತ್ತದೆ. ಎದಿಲ್ಮಾಳ ಎಡಗೈ ಮೌಸಿನ ಮೇಲೆ. ಬಲಗೈ ಇಡೀ ಕೀಬೋರ್ಡು ದಾಟಿ, ಹೊಟ್ಟೆಯ ಮುಂದಿನಿಂದ ಎಡಕ್ಕೆ ಹೋಗಬೇಕು. ದಿನಕ್ಕೆ ಎಷ್ಟು ನೂರು ಸಲವೋ ಲೆಕ್ಕವಿಲ್ಲ. ಎದುರು ಮೇಜಿನ ವಿಲ್ಮಾರ್ ಅವಳಿಗಿಂತ ಮೂರು ವರ್ಷ ಚಿಕ್ಕವನು, ಕೈ ಚುರುಕು, ನಾಲಗೆ ಇನ್ನೂ ಚುರುಕು. ಅವನು ನೋಡಿ ನಕ್ಕ.

"ಏನ್ರೀ ಎದಿಲ್ಮಾ, ನಿಮ್ಮನ್ನ ನೀವೇ ತಬ್ಕೊಂಡು ಕೂತಿದೀರಲ್ಲ! ಅಷ್ಟೊಂದು ಚಳಿನಾ?"

"ನಿನ್ನ ಮುಖ ನೋಡ್ದಾಗೆಲ್ಲ ಚಳಿ ಆಗತ್ತೆ ಕಣೋ" ಎಂದಳು ಅವಳು. ಆದರೆ ಸಂಜೆ ಮನೆಗೆ ಹೋದಾಗ ಹೆಗಲು ಕಲ್ಲಾಗಿರುತ್ತಿತ್ತು. ತಂಗಿ ನೂಬಿಯಾ ಬಿಸಿ ಬೆಲ್ಲದ ನೀರು ಕೊಟ್ಟು, ಕರ್ಪೂರದ ಎಣ್ಣೆ ತಿಕ್ಕಿ, "ಎಲ್ಲರ ಹಂಗೆ ಬಲಗೈಲಿ ಹಿಡ್ದುಬಿಡೇ ಅಕ್ಕಾ, ಯಾರು ಬೇಡ ಅಂತಾರೆ?" ಅನ್ನುತ್ತಿದ್ದಳು. ಎದಿಲ್ಮಾ ಒಂದು ದಿನ ಬಲಗೈಯಲ್ಲಿ ಹಿಡಿದೂ ನೋಡಿದಳು. ಗೆರೆ ಹೋಗಬೇಕಾದಲ್ಲಿಗೆ ಹೋಗುತ್ತಿತ್ತು, ಕಂಪ್ಯೂಟರಲ್ಲವೇ, ಆದರೆ ಅದು ಅವಳು ಎಳೆದ ಗೆರೆ ಅನಿಸಲಿಲ್ಲ. ಮೌಸ್ ವಾಪಸ್ ಎಡಕ್ಕೆ ಬಂತು.

ಪ್ರೋಗ್ರಾಮಿನ ಜೊತೆ ಬಂದಿದ್ದ ಕೈಪಿಡಿ ಇಟ್ಟಿಗೆಯಷ್ಟು ದಪ್ಪವಿತ್ತು. ಕಚೇರಿಯಲ್ಲಿ ಅದನ್ನು ಕಿಟಕಿ ಬಡಿದುಕೊಳ್ಳದ ಹಾಗೆ ಅಡ್ಡ ಇಡಲು ಬಳಸುತ್ತಿದ್ದರು. ಎದಿಲ್ಮಾ ಕಿಟಕಿಗೆ ಬೇರೆ ಕಲ್ಲು ಹುಡುಕಿಕೊಟ್ಟು ಅದನ್ನು ಮನೆಗೆ ಒಯ್ದಳು. ಎರಡು ಭಾನುವಾರ ಪೂಜೆ ಮುಗಿಸಿ ಬಂದು ಓದಿದಳು. ಕೊನೆಯ ಕಡೆಯ ಒಂದು ಅಧ್ಯಾಯದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನು ಪ್ರೋಗ್ರಾಮು ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ, ಒಂದೊಂದು ಸಾಲಿಗೆ ಒಂದೊಂದು ಆಜ್ಞೆ. ಆ ಫೈಲನ್ನು ತೆರೆದು ತಿದ್ದಬಹುದು. ಅಂದರೆ ಕಬ್ಬಿಣದ ತೋಳನ್ನು ಬಿಚ್ಚಿ ಇನ್ನೊಂದು ಪಕ್ಕಕ್ಕೆ ಹಾಕಿದ ಹಾಗೆಯೇ ಇದು ಎಂದುಕೊಂಡಳು.

ಸೋಮವಾರ ಎಲ್ಲರಿಗಿಂತ ಮೊದಲು ಬಂದು ಫೈಲು ತೆರೆದಳು. ಅವಳ ಮನಸ್ಸಿದ್ದದ್ದು ಎನ್ಯೆ ಅಕ್ಷರದ ಮೇಲೆ, ತಲೆಯ ಮೇಲೆ ಅಲೆಗೆರೆ ಇರುವ ಎನ್. ಅದು ಬಲಗೈಯ ಬೆರಳಿಗೆ ನೆಟ್ಟಗೆ ಸಿಗುವ ಜಾಗದಲ್ಲಿದೆ, ಮೇಲಾಗಿ ತಮ್ಮ ಭಾಷೆಯ ಸ್ವಂತ ಅಕ್ಷರ. ಪ್ರೋಗ್ರಾಮು ಒಪ್ಪಲಿಲ್ಲ. ಏನು ಮಾಡಿದರೂ ಆ ಸಾಲನ್ನು ಓದದೆ ದಾಟಿಹೋಗುತ್ತಿತ್ತು. "ನಿನಗೆ ನಮ್ಮಕ್ಷರ ಬೇಡ್ವಾ? ಬೇಡ ಬಿಡು" ಎಂದು ಅದರ ಪಕ್ಕದ ಎಲ್ ಹಿಡಿದಳು, ಅದರ ಪಕ್ಕದ ಕೆ ಹಿಡಿದಳು. ಬಲಗಡೆಯೂ ಒಂದು ಕಂಟ್ರೋಲ್ ಕೀ ಇದೆಯಲ್ಲ, ಯಾರೂ ಮುಟ್ಟದೆ ಹೊಸದರ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳು ಅದರ ಮೇಲೆ, ತೋರುಬೆರಳು ಕೆ ಮೇಲೆ: ನಕಲು. ಹೆಬ್ಬೆರಳು ಅಲ್ಲೇ, ಬೆರಳು ಎಲ್ ಮೇಲೆ: ಅಂಟು. ಬಲಗೈ ತನ್ನ ಮನೆ ಬಿಟ್ಟು ಕದಲಬೇಕಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಇದು ಎಡಗೈಯವಳ ಅನುಕೂಲದ ಕತೆ ಮಾತ್ರ ಆಗುತ್ತಿತ್ತು. ಫೈಲನ್ನು ತಿದ್ದುವಾಗ ಅವಳು ಇನ್ನೊಂದನ್ನು ಗಮನಿಸಿದಳು. ಸಾಮಾನ್ಯ ನಕಲಿನ ಆಜ್ಞೆ ವಸ್ತುವನ್ನು ಅದರ ಎಡಗಡೆಯ ಕೆಳಮೂಲೆಯಿಂದ ಎತ್ತುತ್ತದೆ. ಪ್ರೋಗ್ರಾಮಿನಲ್ಲಿ ಇನ್ನೊಂದು ಆಜ್ಞೆಯೂ ಇತ್ತು: ಮೊದಲು 'ಎಲ್ಲಿ ಹಿಡಿಯಲಿ?' ಎಂದು ಕೇಳಿ, ನಾವು ತೋರಿಸಿದ ಬಿಂದುವಿನಲ್ಲೇ ಹಿಡಿದು ಎತ್ತುವುದು. ಅದಕ್ಕೆ ಮೂರು ಕೀ ಒಟ್ಟಿಗೆ ಒತ್ತಬೇಕಾಗಿದ್ದರಿಂದ ಯಾರೂ ಬಳಸುತ್ತಿರಲಿಲ್ಲ. ಕುದಿಯುವ ಚಾಕೊಲೇಟಿನ ಪಾತ್ರೆಯನ್ನು ಹಿಡಿಕೆ ಹಿಡಿದು ಎತ್ತಬೇಕೇ ಹೊರತು ಎಲ್ಲಿ ಸಿಕ್ಕಿತೋ ಅಲ್ಲಿ ಹಿಡಿದು ಎತ್ತಬಾರದು ಎಂಬುದು ಅಡುಗೆಮನೆಯಲ್ಲಿ ಬೆಳೆದ ಎದಿಲ್ಮಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನ ಕೆ ಕೀಗೆ ಅವಳು ಆ ಆಜ್ಞೆಯನ್ನೇ ಕೊಟ್ಟಳು. ಎರಡೂ ಕೀಗಳ ಮೇಲೆ ನೂಬಿಯಾಳ ಕೆಂಪು ಉಗುರುಬಣ್ಣ ಹಚ್ಚಿದಳು. ಫೈಲನ್ನು ಫ್ಲಾಪಿಗೆ ಹಾಕಿಟ್ಟುಕೊಂಡಳು. ಮೂರೇ ವಾರದಲ್ಲಿ ವಿಲ್ಮಾರ್ ಎರಡು ಹಾಳೆ ಮುಗಿಸುವಷ್ಟರಲ್ಲಿ ಅವಳು ಮೂರು ಮುಗಿಸುತ್ತಿದ್ದಳು.

"ಉಗುರುಬಣ್ಣದ ಮಹಿಮೆ ಇರಬೇಕು" ಎಂದ ಅವನು.

"ಬೇಕಾದ್ರೆ ನಿನಗೂ ಹಚ್ತೀನಿ, ಬೆರಳು ಕೊಡು" ಎಂದಳು ಇವಳು.

ಅಲ್ಲಿಂದ ಇಪ್ಪತ್ತೈದು ವರ್ಷ. ಪರದೆಗಳು ಹೊಟ್ಟೆ ಕರಗಿಸಿಕೊಂಡು ಚಪ್ಪಟೆಯಾದವು. ಪ್ರೋಗ್ರಾಮು ಹೊಸದಾದಾಗೆಲ್ಲ ಎದಿಲ್ಮಾ ಮೊದಲು ಮಾಡುತ್ತಿದ್ದ ಕೆಲಸ ತನ್ನ ಸಾಲುಗಳನ್ನು ಹುಡುಕಿ ಮತ್ತೆ ಬರೆಯುವುದು. ಫ್ಲಾಪಿ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್ ಡ್ರೈವ್ ಬಂತು, ಅದು ಅವಳ ಪರ್ಸಿನಲ್ಲಿ ಮಾತೆ ಕಾರ್ಮೆನ್‌ಳ ಚಿತ್ರದ ಪಕ್ಕದಲ್ಲಿ ಇರುತ್ತಿತ್ತು. ಊರಿನ ಹತ್ತಿರದ ಜ್ವಾಲಾಮುಖಿ ಮುನಿದು ಬೂದಿ ಉದುರಿಸಿದ ದಿನಗಳಲ್ಲಿ ಊರಿನವರೆಲ್ಲ ಮಾಳಿಗೆ ಗುಡಿಸಿದರೆ ಅವಳು ಪೇಂಟ್ ಬ್ರಷ್ ತಂದು ಕೀಗಳ ಸಂದು ಗುಡಿಸುತ್ತಿದ್ದಳು. ಕೀಬೋರ್ಡುಗಳು ಎಷ್ಟು ಬದಲಾದವೋ, ಉಗುರುಬಣ್ಣದ ಶೀಶೆಗಳೂ ಅಷ್ಟೇ ಬದಲಾದವು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೋಯಿತು, ಅದರ ಬಗ್ಗೆ ಅವಳಿಗೆ ದೊಡ್ಡ ಬೇಸರವೇನೂ ಇರಲಿಲ್ಲ. ನೂಬಿಯಾಳ ಮಕ್ಕಳನ್ನು ಕರೆದುಕೊಂಡು ಊರಿನ ಮೇಲೆ ತೂಗಿಕೊಂಡು ಹೋಗುವ ತಂತಿಬಂಡಿಯಲ್ಲಿ ಹೋಗುವಾಗ ಕಿಟಕಿಯಿಂದ ಕೆಳಗೆ ತೋರಿಸುತ್ತಿದ್ದಳು: "ಅದು ನಂದು. ಅದೂ ನಂದು. ಆ ಹಸಿರು ಪಾಚಿ ಕಟ್ಟಿದ್ದು ನಮ್ಮ ಹಳೇ ನಕ್ಷೆಗಾರ ದೋನ್ ಸೆವೆರೊಂದು, ಚೆನ್ನಾಗಿಲ್ಲ."

ದೋನ್ ಲಿಸಿಮಾಕೊ ಎಂಬತ್ತು ದಾಟಿ ಮನೆ ಸೇರಿದ ಮೇಲೆ ಕಚೇರಿ ಅವರ ತಮ್ಮನ ಮಗಳು ಜೂಲಿಯಾನಾ ಕೈಗೆ ಬಂತು. ಮೂವತ್ನಾಲ್ಕು ವರ್ಷದ ಇಂಜಿನಿಯರ್, ಬುದ್ಧಿವಂತೆ, ಮಾತು ಮೆದು, ಹಟ ಗಟ್ಟಿ. ಬಂದ ಎರಡನೇ ತಿಂಗಳಲ್ಲೇ ಒಂದು ಅನಾಹುತ ಕಂಡಿದ್ದಳು. ಎದಿಲ್ಮಾ ರಜೆಯಲ್ಲಿದ್ದ ದಿನ ಬೇರೊಬ್ಬರು ಅವಳ ಮೇಜಿಗೆ ಕೂತು, ಅಭ್ಯಾಸಬಲದಿಂದ ಒಂದು ಕೀ ಒತ್ತಿ, ಅದು ಬೇರೇನೋ ಮಾಡಿ, ಅರ್ಧ ದಿನದ ಕೆಲಸ ಮಣ್ಣುಪಾಲಾಗಿತ್ತು. ಹಾಗಾಗಿ ಅವಳು ತಂದ ನಿಯಮಕ್ಕೆ ಅರ್ಥವಿತ್ತು. ಇನ್ನು ಮುಂದೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ವ್ಯವಸ್ಥೆ. ದಿನಾ ಬೆಳಿಗ್ಗೆ ಕಚೇರಿಯ ದೊಡ್ಡ ಯಂತ್ರದಿಂದ ತಾನಾಗಿಯೇ ಇಳಿಯುತ್ತದೆ, ಯಾರು ಏನು ಬದಲಿಸಿದ್ದರೂ ಅಳಿಸಿಹೋಗುತ್ತದೆ.

ನಿಯಮ ಜಾರಿಯಾದ ಸೋಮವಾರ ಎದಿಲ್ಮಾ ಕೆ ಒತ್ತಿದಳು. ಯಾವುದೋ ಕಿಟಕಿ ತೆರೆದು ಏನೋ ವಿಳಾಸ ಕೇಳಿತು. ಎಲ್ ಒತ್ತಿದಳು. ಗೆರೆಗಳು ನೆಟ್ಟಗಾಗುವ ಗುಂಡಿ ಹತ್ತಿ ಆರಿತು. ಅವಳಿಗೆ ಐವತ್ನಾಲ್ಕನೇ ವಯಸ್ಸಿನಲ್ಲಿ ಯಾರೋ ಬಂದು ಮತ್ತೆ ಕೈಯ ಮೇಲೆ ಕೂತ್ಕೋ ಅಂದ ಹಾಗಾಯಿತು. ಮಧ್ಯಾಹ್ನ ಜೂಲಿಯಾನಾಳ ಕೋಣೆಗೆ ಹೋದಳು.

"ಇಂಜಿನಿಯರಮ್ಮ, ನನ್ನ ಎರಡು ಕೀ ವಾಪಸ್ ಕೊಡಿ. ಬೇರೇನೂ ಕೇಳಲ್ಲ."

"ದೋನ್ಯಾ ಎದಿಲ್ಮಾ, ನಿಮಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗತ್ತೆ. ಆಗ ನಿಯಮ ಯಾಕೆ ಬೇಕು, ಹೇಳಿ?"

"ನಾನು ಎಡಗೈಯವಳು."

"ಗೊತ್ತು. ಒಂದು ತಿಂಗಳು ಕಷ್ಟ ಆಗಬಹುದು, ಆಮೇಲೆ ಅಭ್ಯಾಸ ಆಗತ್ತೆ. ನಿಮಗೆ ಹೊರೆ ಆಗ್ಬಾರ್ದು ಅಂತ ಬೆಟ್ಟದ ಬಡಾವಣೆಯ ಕೊಳವೆ ಕೆಲಸಾನ ವಿಲ್ಮಾರ್‌ಗೆ ಕೊಟ್ಟಿದೀನಿ."

ಅವಳಿಗೆ ತಾಗಿದ್ದು ಈ ಕೊನೆಯ ಮಾತು. ಕೊಳವೆಯ ಹಾಳೆಗಳು ಇಪ್ಪತ್ತೈದು ವರ್ಷದಿಂದ ಅವಳ ಕೆಲಸ. ಗೋಡೆಯ ಹಿಂದೆ ಕೂಡುವ ನೀರು ಗೋಡೆ ತೂರಿ ಎಲ್ಲಿ ಹೊರಬರಬೇಕು ಎನ್ನುವುದು ಗೇಣು ತಪ್ಪಿದರೂ ತಪ್ಪೇ. ಅವಳು ಜಗಳಕ್ಕೆ ನಿಲ್ಲಲಿಲ್ಲ. "ಆಯ್ತು" ಎಂದು ಬಂದು ಕೂತಳು. ಆ ದಿನದಿಂದ ಬಲಗೈ ಮತ್ತೆ ಹೊಟ್ಟೆ ದಾಟತೊಡಗಿತು, ಕರ್ಪೂರದೆಣ್ಣೆ ಕಪಾಟಿನಿಂದ ಕೆಳಗಿಳಿಯಿತು. ವಿಲ್ಮಾರ್‌ಗೂ ಈಗ ವಯಸ್ಸಾಗಿತ್ತು, ಮೊದಲಿನಂತೆ ಚುಚ್ಚುತ್ತಿರಲಿಲ್ಲ. ಕಾಫಿ ತಂದುಕೊಟ್ಟು, "ನಾನು ಕೇಳಿದ್ದಲ್ಲ ರೀ ಆ ಕೆಲಸ, ಅವರೇ ಕೊಟ್ಟಿದ್ದು" ಎಂದು ಹೇಳಿಹೋದ.

ಮೂರನೇ ವಾರದ ಗುರುವಾರ ಬೆಳಿಗ್ಗೆ ಕಚೇರಿಯ ಫೋನು ಬಡಿಯಿತು. ಬೆಟ್ಟದ ಬಡಾವಣೆಯಿಂದ ಮೇಸ್ತ್ರಿ ಎಲಿಯೆಸೆರ್. ಮೂವತ್ತೇಳು ತುಂಡು ಗೋಡೆಗಳ ದೊಡ್ಡ ಕೆಲಸ ಅದು. ಸೋಮವಾರ ಕಾಂಕ್ರೀಟು ಹಾಕುವುದಿತ್ತು, ಅಷ್ಟರೊಳಗೆ ಕೊಳವೆಗಳನ್ನು ಕೂರಿಸಬೇಕು. ಜೂಲಿಯಾನಾ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

"ಇಂಜಿನಿಯರಮ್ಮ, ನಿಮ್ಮ ಕಾಗದದ ಪ್ರಕಾರ ಇಪ್ಪತ್ತೆರಡನೇ ಗೋಡೆ ನೀರು ದೋನ್ಯಾ ಮಾರಿಯಾ ದೆಲ್ ಸೊಕೊರ್ರೊ ಅವರ ಅಡುಗೆಮನೆಗೆ ಬೀಳತ್ತೆ. ಆಯಮ್ಮ ಸೌಟು ಹಿಡ್ಕೊಂಡು ನನ್ನ ಮುಂದೇನೇ ನಿಂತಿದಾರೆ. ಸಾರಿಗೆ ನೀರು ಇಲ್ಲಿಂದಾನೇ ಹಿಡ್ಕೋಬೇಕಾ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಯಾರೋ ಕಿಸಕ್ಕೆಂದರು. ಜೂಲಿಯಾನಾ ನಗಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ಹರಡಿಸಿದಳು. ಸರ್ವೆ ಮಾಡುವ ಸಾವುಲೊ ಬಂದು ತನ್ನ ಅಳತೆಯ ಜೊತೆ ಹೋಲಿಸಿದ. ಅವನ ಅಳತೆ ಸರಿ ಇತ್ತು. ಹಾಳೆಯಲ್ಲಿ ಹದಿನಾಲ್ಕು ಕಡೆ ಕೊಳವೆ ಬಲಕ್ಕೆ ಸರಿದಿತ್ತು, ಕೆಲವು ಗೇಣು, ಕೆಲವು ಒಂದು ಮಾರು. ಇಪ್ಪತ್ತಮೂರು ಕಡೆ ಸರಿಯಾಗೇ ಇತ್ತು. ವಿಲ್ಮಾರ್ ಹಾಳೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದ. "ನಾನು ಪ್ರತಿಯೊಂದನ್ನೂ ಗುರುತಿನ ಮೇಲೇ ಇಟ್ಟಿದೀನಿ. ಬೇಕಾದ್ರೆ ಆಣೆ ಮಾಡ್ತೀನಿ" ಎಂದ.

ಎದಿಲ್ಮಾ ಎದ್ದು ಬಂದು ಹಾಳೆಗಳ ಮೇಲೆ ಬಗ್ಗಿದಳು. ತಪ್ಪಿದ ಹದಿನಾಲ್ಕನ್ನು ಒಂದು ಕಡೆ, ಸರಿಯಿದ್ದವನ್ನು ಇನ್ನೊಂದು ಕಡೆ ಮಾಡಿದಳು. ಪ್ರತಿ ಕೊಳವೆಯ ಚಿಹ್ನೆಯ ತಲೆಯ ಮೇಲೆ ಆ ಮನೆಯವರ ಹೆಸರು ಬರೆದಿರುತ್ತದೆ. ಸರಿಯಿದ್ದವುಗಳಲ್ಲಿ ಒಂದನ್ನು ಓದಿದಳು: 'ಆನಾ ರೂಯಿಸ್'. ಇನ್ನೊಂದು: 'ಲೂಯಿಸ್ ಗಿಲ್'. ತಪ್ಪಿದವುಗಳಲ್ಲಿ ಒಂದು: 'ಮಾರಿಯಾ ದೆಲ್ ಸೊಕೊರ್ರೊ ವಾಯೆಹೋ ವಿಧವೆ ಅರಿಸ್ತಿಸಾಬಾಲ್'. ಇನ್ನೊಂದು ಅದಕ್ಕೂ ಉದ್ದ.

"ಉದ್ದ ಹೆಸರಿನವರ ಮನೆಗೆಲ್ಲ ನೀರು ನುಗ್ಗಿದೆ" ಎಂದಳು.

ಎಲ್ಲರೂ ಅವಳತ್ತ ನೋಡಿದರು.

"ಇಲ್ಲಿ ಬನ್ನಿ, ಇಂಜಿನಿಯರಮ್ಮ. ಈ ಮಾಮೂಲಿ ನಕಲು ಇದೆಯಲ್ಲ, ಅದು ವಸ್ತುನ ಎಡಗಡೆ ಮೂಲೆಯಿಂದ ಎತ್ತೋದು. ಹೆಸರು ಚಿಕ್ಕದಿದ್ರೆ ಆ ಮೂಲೆ ಕೊಳವೆದೇ. ಹೆಸರು ಉದ್ದ ಆಗಿ ಕೊಳವೆ ದಾಟಿ ಎಡಕ್ಕೆ ಚಾಚಿದ್ರೆ ಆ ಮೂಲೆ ಹೆಸರಿಂದು. ಗುರುತಿನ ಮೇಲೆ ಕೂತಿರೋದು ಹೆಸರಿನ ಮೊದಲಕ್ಷರ. ಕೊಳವೆ ಪಾಪ ಬಲಕ್ಕೆ ಹೋಗಿ ಆಯಮ್ಮನ ಒಲೆ ಮುಂದೆ ನಿಂತಿದೆ."

ಜೂಲಿಯಾನಾ ಅಳತೆಪಟ್ಟಿ ಹಿಡಿದು ಒಂದು ಹೆಸರು ಎಡಕ್ಕೆ ಚಾಚಿದಷ್ಟನ್ನು ಅಳೆದಳು, ಕೊಳವೆ ತಪ್ಪಿದ ದೂರವನ್ನು ಅಳೆದಳು. ಸರಿಹೊಂದಿತು. ಇನ್ನೊಂದನ್ನು ಅಳೆದಳು. ಅದೂ ಸರಿಹೊಂದಿತು.

"ನಿಮ್ಮ ಹಾಳೆಗಳಲ್ಲಿ ಇಷ್ಟು ವರ್ಷ ಹೀಗೆ ಆಗಿಲ್ಲ" ಎಂದಳು ನಿಧಾನವಾಗಿ.

"ನನ್ನ ಕೆ ಬೇರೆ ಥರ ಇತ್ತು. ಎಲ್ಲಿ ಹಿಡೀಲಿ ಅಂತ ಕೇಳಿ ಎತ್ತೋದು. ನಾನು ಕೊಳವೆ ಗೋಡೆಯಿಂದ ಹೊರಗೆ ಬರೋ ಬಾಯಲ್ಲೇ ಹಿಡಿತಿದ್ದೆ. ಹೆಸರು ಎಷ್ಟುದ್ದ ಇದ್ರೆ ನಂಗೇನು."

"ಈ ಹದಿನಾಲ್ಕನ್ನ ಹಾಕಿದ್ದು ಯಾರು?" ಎಂದು ಕೇಳಿದಳು ಜೂಲಿಯಾನಾ. ಉತ್ತರ ಅವಳಿಗೂ ಗೊತ್ತಿತ್ತು, ಕೋಣೆಗೆಲ್ಲ ಗೊತ್ತಿತ್ತು. ವಿಲ್ಮಾರ್ ಬಾಯಿ ತೆರೆಯುವಷ್ಟರಲ್ಲಿ ಎದಿಲ್ಮಾ ಹೇಳಿದಳು: "ಆ ಸಿ ಕೀ ಹಾಕಿದ್ದು. ಅವನು ಇಟ್ಟ ಜಾಗ ಸರಿಯಾಗೇ ಇದೆ, ಆ ಕೀ ಹಿಡಿದಿದ್ದೇ ತಪ್ಪು ಕಡೆ. ನಾನಾಗಿದ್ರೂ ಅದೇ ಕೀಯಿಂದ ಹಂಗೇ ಆಗ್ತಿತ್ತು."

ಅದಾದ ಮೇಲೆ ಜೂಲಿಯಾನಾ ಮಾಡಿದ್ದನ್ನು ಎದಿಲ್ಮಾ ಇವತ್ತಿಗೂ ಮೆಚ್ಚಿ ಹೇಳುತ್ತಾಳೆ. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ಎಲ್ಲರ ಎದುರಿಗೇ, "ತಪ್ಪು ನಂದು. ಆ ಕೆಲಸ ನಿಮ್ಮ ಕೈಯಿಂದ ತೆಗೀಬಾರ್ದಿತ್ತು. ಆ ಕೀನೂ ತೆಗೀಬಾರ್ದಿತ್ತು, ತೆಗೆಯೋಕೆ ಮುಂಚೆ ಅದೇನು ಅಂತ ಕೇಳ್ಬೇಕಿತ್ತು. ಸೋಮವಾರದೊಳಗೆ ಆಗತ್ತಾ, ದೋನ್ಯಾ?" ಎಂದಳು.

"ಮೂವತ್ತೇಳನ್ನೂ ಮೊದಲಿಂದ ಹಾಕ್ತೀನಿ. ಸರಿಯಿದೆ ಅಂತ ಕಾಣೋದನ್ನ ನಂಬಲ್ಲ. ನಾಳೆ ಸಂಜೆ ಐದಕ್ಕೆ ಮೇಸ್ತ್ರಿಗೆ ಫೋನ್ ಮಾಡಿ."

ದಿನಾ ಬೆಳಿಗ್ಗೆ ಇಳಿಯುವ ವ್ಯವಸ್ಥೆಯನ್ನು ಜೂಲಿಯಾನಾ ಅವಳ ಕಂಪ್ಯೂಟರಿಗೆ ಮಾತ್ರ ನಿಲ್ಲಿಸಿದಳು. ಪರ್ಸಿನಿಂದ ಪೆನ್ ಡ್ರೈವ್ ತೆಗೆದು ತನ್ನ ಫೈಲನ್ನು ಹಾಕಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಕೂತಳು. ಸಾವುಲೊನ ಅಳತೆಯ ನಕ್ಷೆ ಒಂದು ಪರದೆಯಲ್ಲಿ, ಗೋಡೆಯ ಹಾಳೆ ಇನ್ನೊಂದರಲ್ಲಿ. ಎಡಗೈ ಕೊಳವೆಯ ಬಾಯನ್ನು ತೋರಿಸುವುದು, ಬಲಗೈ ಕೆ; ಎಡಗೈ ಗುರುತಿಗೆ ಬರುವುದು, ಬಲಗೈ ಎಲ್. ಮುಗಿಯಿತು, ಮುಂದಿನದು. ಹತ್ತು ಗಂಟೆಯ ಹೊತ್ತಿಗೆ ಅವಳ ಬೆನ್ನ ಹಿಂದೆ ಮೂವರು ನಿಂತಿದ್ದರು. ಕೀಗಳ ಟಕ್ ಟಕ್ ಸದ್ದು ಯಾವುದೋ ಕುಣಿತದ ಹೆಜ್ಜೆಯ ಹಾಗೆ ಒಂದೇ ಲಯದಲ್ಲಿ ನಡೆದಿತ್ತು. ವಿಲ್ಮಾರ್ ಪ್ರತಿ ಹಾಳೆ ಹೊರಬಂದ ಕೂಡಲೇ ಒಯ್ದು, ಅಳತೆಪಟ್ಟಿ ಇಟ್ಟು ನೋಡಿ, ಮೂಲೆಗೆ ತನ್ನ ಸಹಿ ಹಾಕುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನೇ ಹಚ್ಚಿಕೊಂಡ ಕೆಲಸ ಅದು. ಊಟಕ್ಕೆ ಎದ್ದಾಗ ಅವನು ಮನೆಯಿಂದ ತಂದಿದ್ದ ಅರೆಪಾ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ತಟ್ಟೆಗಿಟ್ಟ.

"ನಿನ್ನೆ ಯಾಕೆ ರೀ ನನ್ನ ಹೆಸರು ಹೇಳ್ಲಿಲ್ಲ?"

"ನಿನ್ನ ಹೆಸರು ಚಿಕ್ಕದು ಕಣೋ. ಅದ್ರಿಂದ ಯಾವ ಕೊಳವೆನೂ ಜರುಗಲ್ಲ" ಎಂದಳು ಎದಿಲ್ಮಾ, ರೊಟ್ಟಿ ಅಗಿಯುತ್ತ.

ಮೂವತ್ತೇಳನೇ ಹಾಳೆ ಹೊರಬಂದದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಜೂಲಿಯಾನಾ ತಾನೇ ಐದನ್ನು ಆರಿಸಿ ಅಳೆದು ನೋಡಿದಳು. ಒಂದರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದ್ದು ಎದಿಲ್ಮಾಳೇ. "ಆಯಮ್ಮನಿಗೆ ಹೇಳಿ, ಸಾರಿಗೆ ನೀರು ನಲ್ಲಿಯಿಂದಾನೇ ಹಿಡ್ಕೋಬೇಕಂತೆ" ಎಂದಳು.

ಮುಂದಿನ ವಾರ ಜೂಲಿಯಾನಾ ಅವಳನ್ನು ಕೋಣೆಗೆ ಕರೆದು ಕೂರಿಸಿದಳು. ಒಂದೇ ವ್ಯವಸ್ಥೆ ಎಂಬ ನಿಯಮ ಬಿಡುವುದಿಲ್ಲ, ಆದರೆ ಆ ವ್ಯವಸ್ಥೆ ಏನಿರಬೇಕು ಎಂದು ಎದಿಲ್ಮಾ ಬರೆದುಕೊಡಬೇಕು, ಎಂದಳು. ಎದಿಲ್ಮಾ ಎರಡು ಬರೆದಳು. ಒಂದು ಬಲಗೈಯವರಿಗೆ, ಅದರಲ್ಲಿ ಕೀಗಳು ಅದೇ ಸಿ ಮತ್ತು ವಿ, ಆದರೆ ಸಿ ಕೀ ಈಗ 'ಎಲ್ಲಿ ಹಿಡಿಯಲಿ?' ಎಂದು ಕೇಳುತ್ತದೆ. ಇನ್ನೊಂದು ಎಡಗೈಯವರಿಗೆ, ಕೆ ಮತ್ತು ಎಲ್. ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಅದು ಒಂದೇ ಪ್ರಶ್ನೆ ಕೇಳುತ್ತದೆ: ಯಾವ ಕೈ? ಪ್ರತಿ ಸಾಲಿನ ಪಕ್ಕದಲ್ಲಿ ಆ ಸಾಲು ಯಾಕಿದೆ ಎಂದೂ ಬರೆದಳು. ಸಹಾಯಕ್ಕೆ ಯಾರನ್ನೂ ಕರೆಯಲಿಲ್ಲ. ಎನ್ಯೆ ಅಕ್ಷರವನ್ನು ಹೊಸ ಪ್ರೋಗ್ರಾಮು ಒಪ್ಪುತ್ತದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿದಳು. ಒಪ್ಪಲಿಲ್ಲ.

ಫೈಲು ಜಾರಿಯಾದ ಮೊದಲ ದಿನ ಸರ್ವೆಯ ಸಾವುಲೊ ಅವಳ ಮೇಜಿನ ಹತ್ತಿರ ಬಂದು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ: "ದೋನ್ಯಾ, ನಾನೂ ಎಡಗೈಯವ್ನೇ. ಹದಿನೆಂಟು ವರ್ಷದಿಂದ ಬಲಗೈಲಿ ಮೌಸ್ ಹಿಡಿತಿದೀನಿ. ಇವತ್ತು ಎಡ ಅಂತ ಒತ್ತಿದೆ."

"ಹೆಂಗನ್ಸತ್ತೆ?"

ಸಾವುಲೊ ಎಡಗೈ ಬೆರಳುಗಳನ್ನು ಮಡಿಸಿ ಬಿಡಿಸಿದ. "ಬಿಗಿ ಬೂಟು ಬಿಚ್ಚಿದ ಹಂಗಾಯ್ತು" ಎಂದ. ಎದಿಲ್ಮಾ ಡ್ರಾಯರಿನಿಂದ ಉಗುರುಬಣ್ಣದ ಶೀಶೆ ತೆಗೆದು ಅವನ ಮುಂದಿಟ್ಟಳು. ನಲವತ್ತೆರಡು ವರ್ಷದ ಗಂಡಸು ಅದನ್ನು ಜೇಬಿಗಿಳಿಸಿಕೊಂಡು ಸರಸರ ಹೋದ.

ಬೆಟ್ಟದ ಬಡಾವಣೆಯ ಗೋಡೆಗಳು ಆರು ತಿಂಗಳಲ್ಲಿ ಎದ್ದು ನಿಂತವು. ಏಪ್ರಿಲಿನ ಮಳೆ ಎಂದಿನಂತೆ ಬಂದು ಎಂದಿನಂತೆ ಹೊಡೆಯಿತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಎದಿಲ್ಮಾ ನೂಬಿಯಾಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಮೂವತ್ತೇಳು ಕೊಳವೆಗಳಿಂದಲೂ ನೀರು ಬೀಳುತ್ತಿತ್ತು, ಎಲ್ಲವೂ ಕಾಲುವೆಗೇ. ಅವಳು ಒಂದೊಂದನ್ನೂ ಎಣಿಸುತ್ತ ಮೆಟ್ಟಿಲು ಇಳಿದಳು. ನೂಬಿಯಾ ನಡುವೆ ಕೂತು ಸುಧಾರಿಸಿಕೊಂಡಳು, ಇವಳು ಕೂರಲಿಲ್ಲ. ಕೊನೆಯ ಗೋಡೆಯ ಹತ್ತಿರ ಬಂದಾಗ, "ಅಷ್ಟೂ ನಂದೇ" ಎಂದಳು, ಯಾರಿಗೂ ಅಲ್ಲ ಎಂಬಂತೆ.

ಎದಿಲ್ಮಾಳಿಗೆ ಈಗ ಐವತ್ತೇಳು, ನಿವೃತ್ತಿಯ ವಯಸ್ಸು. ಕಾಗದ ಕೊಟ್ಟಿದ್ದಾಳೆ, ಆದರೆ ದಿನಾ ಏಳೂವರೆಗೆ ಬಂದು ಕೂರುವುದನ್ನು ಇನ್ನೂ ಬಿಟ್ಟಿಲ್ಲ. ಆ ಫೈಲು ಮಾತ್ರ ಅವಳಿಗಿಂತ ಮೊದಲೇ ಕಚೇರಿ ಬಿಟ್ಟು ಊರೂರು ತಿರುಗಿತು. ಕೆಲಸ ಬಿಟ್ಟು ಬೇರೆಡೆ ಹೋದವರು ಜೊತೆಗೊಯ್ದರು, ಅವರಿಂದ ಇನ್ನೊಬ್ಬರು ಪಡೆದರು. ಜೂಲಿಯಾನಾ ಅದಕ್ಕೆ 'ಎದಿಲ್ಮಾ' ಎಂದೇ ಹೆಸರಿಟ್ಟಿದ್ದಳು, ಅಳಿಸಿ ಎಂದರೂ ಅಳಿಸಿರಲಿಲ್ಲ. ಹೋದ ತಿಂಗಳು ಪೆರೇರಾ ಊರಿನಿಂದ ಒಂದು ಫೋನು ಬಂತು. ಅಲ್ಲಿಯ ಸೇತುವೆ ಕಚೇರಿಯ ಹೆಂಗಸೊಬ್ಬಳು, ದನಿಯಲ್ಲಿ ಅವಸರ.

"ನಮಸ್ಕಾರ ರೀ, ಅದು ಗೋಡೆ ಕಚೇರಿನಾ? ನಮ್ಮಲ್ಲಿ ಪ್ರೋಗ್ರಾ‌ಮ್ ಹೊಸದಾಗಿ ಹಾಕಿದ್ರು, ಎದಿಲ್ಮಾ ಹಾಕೋಕೆ ಹೋದ್ರೆ ಹದಿನೆಂಟನೇ ಸಾಲಲ್ಲಿ ನಿಲ್ತಿದೆ. ಅದನ್ನ ಬಲ್ಲೋರು ಯಾರಾದ್ರೂ ಇದಾರಾ?"

"ನಾನೇ ಎದಿಲ್ಮಾ" ಎಂದಳು ಎದಿಲ್ಮಾ.

ಆ ಹೆಂಗಸು ಫೋನಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ತನ್ನ ಕೋಣೆಯವರಿಗೆ ಕೂಗಿ ಹೇಳಿದಳು: "ಏ, ಬನ್ರೋ ಇಲ್ಲಿ! ಎದಿಲ್ಮಾ ಅಂದ್ರೆ ಮನುಷ್ಯರಂತೆ! ಮಾತಾಡ್ತಿದಾರೆ!"

ಎದಿಲ್ಮಾ ನಗು ತಡೆಯಲಾರದೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಬಳಿಕ ನೆಟ್ಟಗೆ ಕೂತು, ಕನ್ನಡಕ ಏರಿಸಿಕೊಂಡು ಹೇಳಿದಳು: "ಹೂಂ, ಹದಿನೆಂಟನೇ ಸಾಲು ಓದಿ ನೋಡೋಣ. ನಿಧಾನಕ್ಕೆ ಓದಿ, ನಂಗೇನೂ ಅವಸರ ಇಲ್ಲ."